ಸಿಪಾಯಿಯ ಕಣ್ಣು

ಗಂಟು ಬಿಚ್ಚಲು ಬರುತ್ತಿರಲಿಲ್ಲ. ದುರುಗವ್ವ ಸತ್ತ ಮಾವನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮೊದಲು ಉಗುರಿನಿಂದ ಎಳೆದಳು, ಆಮೇಲೆ ಹಲ್ಲು ಹಚ್ಚಿದಳು. ನಿನ್ನೆ ಬೆಳಿಗ್ಗೆ ತಾನೇ ಹಾಕಿದ ಗಂಟು. ಗಿಡ್ಡಪ್ಪನ ಬಲಗೈ ಮಣಿಕಟ್ಟಿನಿಂದ ಕೆಳಗೆ ಸೋತುಹೋಗಿ ಬಹಳ ದಿನವಾಗಿತ್ತು. ಎತ್ತಿದರೆ ಪಂಜ ಜೋತುಬೀಳುತ್ತಿತ್ತು. ಅದು ನೆಟ್ಟಗೆ ನಿಂತು ಕುಂಚ ಹಿಡಿಯಲೆಂದು ಒಂದು ಬಿದಿರಿನ ಸೀಳಿಟ್ಟು, ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟುವುದು ಸೊಸೆಯ ದಿನದ ಮೊದಲ ಕೆಲಸವಾಗಿತ್ತು. ನಿನ್ನೆ ಹೊತ್ತು ಇಳಿಯುವಾಗ ಮುದುಕ ಕುಂತಲ್ಲೇ ಗೋಡೆಗೆ ಒರಗಿ ಹೋಗಿಬಿಟ್ಟ. ಗಂಟು ಹಾಗೇ ಉಳಿಯಿತು.

“ಕತ್ತರಿಸವಾ, ಎಷ್ಟೊತ್ತು ಒದ್ದಾಡ್ತಿ,” ಎಂದಳು ಕೊಡ ಹೊತ್ತು ಬಂದ ನೆರೆಮನೆಯ ಉಡಚಮ್ಮ. “ಕೈಯಾಗ ಗಂಟು ಇಟ್ಕೊಂಡು ಹೋಗಬಾರದು.”

“ಕತ್ತರಿಸಾಕ ಮನಸ್ಸು ಬರವಲ್ದು ಯಕ್ಕಾ.”

ಸತ್ತ ಗಂಡನ ತಲೆಯ ಬದಿಗೆ ಕುಂತಿದ್ದ ಅತ್ತೆ ಹಂಪವ್ವ ಕೈ ಚಾಚಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದಳು. ಗಂಟು ಬಿಚ್ಚಿತು. ಬಿದಿರಿನ ಸೀಳು ನೆಲಕ್ಕೆ ಬಿತ್ತು. ಕೈ ಜೋತುಬೀಳಲಿಲ್ಲ. ಇಷ್ಟು ದಿನ ಸೊಸೆ ಹಟ ಹಿಡಿದು ನೆಟ್ಟಗೆ ಮಾಡುತ್ತಿದ್ದ ಕೈಯನ್ನು ಸಾವು ಒಂದೇ ರಾತ್ರಿಯಲ್ಲಿ ನೆಟ್ಟಗೆ ಮಾಡಿಟ್ಟಿತ್ತು. ದುರುಗವ್ವನಿಗೆ ಅದನ್ನು ನೋಡಿ ಸಿಟ್ಟೇ ಬಂತು.

ಉಗುರ ಸಂದಿಯಲ್ಲಿ ಹಳೆಯ ಕೆಂಪು ಬಣ್ಣ ಕೂತಿತ್ತು. ಕೊಪ್ಪಳದ ಸಾಹೇಬರ ಸೀಸದ ಸಿಪಾಯಿಗಳ ಅಂಗಿಗೆ ಹಚ್ಚುವ ಕೆಂಪು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಕಿನ್ನಾಳದ ಚಿತ್ರಗಾರ ಓಣಿಯ ಗಂಡಸರೆಲ್ಲ ಕೂತಿದ್ದರು. ಆ ದಿನ ಯಾರ ಮನೆಯಲ್ಲೂ ಉಳಿಯ ಸದ್ದಿರಲಿಲ್ಲ. ಓಣಿಯ ಹಿರಿಯ ಓಬಳೆಪ್ಪ ಕೋಲು ಊರಿಕೊಂಡು ಎದ್ದು ನಿಂತ.

“ಚಟ್ಟ ಆತು. ಕಟಗಿನೂ ಹೋದುವು. ಇನ್ನ ಬೆಂಕಿ ಗಡಿಗಿ ಹಿಡಿಯಾವ ಯಾರು, ಅದನ್ನಷ್ಟು ಹೇಳ್ರಿ.”

ಗಿಡ್ಡಪ್ಪನಿಗೆ ಇದ್ದವನು ಒಬ್ಬನೇ ಮಗ, ಆದೆಪ್ಪ. ಅವನು ಪೌಜು ಸೇರಿ ಬರ್ಮಾದ ಕಡೆ ಹೋದವನು. ಯುದ್ಧ ಮುಗಿದು ಎರಡು ದೀಪಾವಳಿ ಕಳೆದಿದ್ದವು. ಕುಕನೂರಿನವನೊಬ್ಬ ಒಂದು ಕಾಲು ಬಿಟ್ಟು ಬಂದಿದ್ದ, ಕುಷ್ಟಗಿಯವನೊಬ್ಬ ಕೈಗೆ ಗಡಿಯಾರ ಕಟ್ಟಿಕೊಂಡು ಬಂದಿದ್ದ. ಆದೆಪ್ಪ ಬರಲೂ ಇಲ್ಲ, ಅವನ ಸುದ್ದಿಯೂ ಇಲ್ಲ.

“ನಾ ಹಿಡೀತೀನ್ರಿ,” ಎಂದ ಕನಕಪ್ಪ. ಗಿಡ್ಡಪ್ಪನ ತಮ್ಮನ ಮಗ, ಗಟ್ಟಿ ಆಳು, ಅದಕ್ಕಿಂತ ಗಟ್ಟಿ ಬಾಯಿ. “ದೊಡ್ಡಪ್ಪಗ ನಾನೂ ಮಗನ ಅಲ್ಲೇನ್ರಿ? ಆದೆಪ್ಪಣ್ಣ ಹೋಗ್ಯಾನ ಅನ್ನೂದು ಊರಿಗೆಲ್ಲ ಗೊತ್ತೈತಿ. ಈ ಮನ್ಯಾಗಷ್ಟ ಗೊತ್ತಿಲ್ಲ.”

“ಬಾಯಿ ಸಡ್ಲ ಬಿಡಬ್ಯಾಡ,” ಎಂದು ಗದರಿದ ಓಬಳೆಪ್ಪ. “ನಿನ್ನ ಹೆಸರಿಲೆ ನೀ ಗಡಿಗಿ ಹಿಡದ್ರ ಆದೆಪ್ಪ ಸತ್ತಾನ ಅಂತ ಓಣಿ ದೈವ ಎಲ್ಲ ಕೂಡಿ ಒಪ್ಪಿಕೊಂಡಂಗ ಆತು. ಒಪ್ಪಿಕೊಂಡಮ್ಯಾಲೆ ಇವತ್ತ, ಊರ ಅಗಸಿ ಬಾಗಲದಾಗ, ಹಂಪವ್ವನ ಬಳಿ ಜೋಡಿ ಸೊಸಿ ಬಳಿನೂ ಒಡೀಬೇಕಾಕೈತಿ. ಹೌದಂದ್ರ ಹೌದನ್ರಿ.”

ಒಳಗೆ ದುರುಗವ್ವನಿಗೆ ಪ್ರತಿ ಮಾತೂ ಕೇಳಿಸಿತು. ಕೈ ತಾನಾಗಿ ಸೆರಗಿನೊಳಗೆ ಹೋಯಿತು. ಬಳೆ ಒಡೆದವಳ ಕೈ ಬಣ್ಣದ ಚಿಪ್ಪು ಮುಟ್ಟುವಂತಿಲ್ಲ, ಇದು ಓಣಿಯ ಕಟ್ಟು. ದೇವರಿಗೆ ಹಚ್ಚುವ ಬಣ್ಣ ಅದು. ಆಮೇಲೆ ಆಕೆಗೆ ಉಳಿಯುವುದು ಯಲಬುರ್ಗಾದ ತವರು. ಅಲ್ಲಿ ಅಣ್ಣಂದಿರ ಹೆಂಡಿರ ಮುಂದೆ ಮೂಲೆ ಹಿಡಿದು ಜೋಳ ಕೇರುತ್ತ ಕೂರುವುದು. ಗಂಡ ಸತ್ತನೆಂಬ ದುಃಖ ಒಂದು. ಸತ್ತನೋ ಇಲ್ಲವೋ ತಿಳಿಯದೆ, ತನ್ನ ಕೈಯ ಕೆಲಸವೊಂದನ್ನೇ ಹಿಡಿದುಕೊಂಡು ಇಷ್ಟು ವರ್ಷ ದೂಡಿದವಳಿಂದ ಆ ಕೆಲಸವನ್ನೂ ಕಿತ್ತುಕೊಳ್ಳುವುದು ಇನ್ನೊಂದು. ಎರಡನ್ನೂ ಒಂದೇ ಕಲ್ಲಿನ ಏಟಿಗೆ ಮಾಡಿ ಮುಗಿಸುತ್ತಾರೆ.

ಹಂಪವ್ವ ಹೊಸ್ತಿಲಿಗೆ ಬಂದು ನಿಂತಳು. ಬೆಳಗಿನಿಂದ ಆಕೆ ಮಾತಾಡಿದ್ದು ಅದೇ ಮೊದಲು.

“ನನ್ನ ಮಗ ಅದಾನ. ಅವರಪ್ಪ ಅವನ ಹಂಗ ಕೆತ್ತಿದ ಸಿಪಾಯಿ ಒಳಗ ಗೂಡಿನ್ಯಾಗ ಕಣ್ಣು ತಕ್ಕೊಂಡು ನಿಂತೈತಿ. ಅದನ್ನ ಕನಕಪ್ಪನ ಕೈಯಾಗ ಕೊಡ್ರಿ. ಆದೆಪ್ಪನ ಹೆಸರಿಲೆ ಗಡಿಗಿ ಹಿಡೀಲಿ.”

ಮಗ ದೂರದಲ್ಲಿದ್ದರೆ ಬೇರೆ ಜಾತಿಯವರು ಅವನ ರುಮಾಲನ್ನೋ ಕೋಲನ್ನೋ ಇನ್ನೊಬ್ಬನ ಕೈಗೆ ಕೊಟ್ಟು ಬೆಂಕಿ ಹಿಡಿಸುತ್ತಾರೆ. ಚಿತ್ರಗಾರರಲ್ಲಿ ಗೊಂಬೆಯೂ ನಡೆಯುತ್ತದೆ, ಒಂದು ಮಾತಿಗೆ ಒಳಪಟ್ಟು.

“ಕಣ್ಣು ತೆರೆದದ್ದಾದ್ರ ಆಕೈತಿ,” ಎಂದ ಓಬಳೆಪ್ಪ. “ಅಗಸ್ಯಾಗ ಚಟ್ಟ ಇಳಿಸಿದಾಗ ಮಗ ಅಪ್ಪನ ಮಾರಿ ಕಡೀಸಲ ನೋಡಬೇಕು. ಸಿಪಾಯಿ ನೋಡ್ಲಿ. ದುರುಗವ್ವಾ, ಹೋಗು, ತಗೊಂಡು ಬಾ.”

*

ಸಿಪಾಯಿಗಳು ಈ ಮನೆಗೆ ಬಂದು ಬಹಳ ವರ್ಷವಾಗಿತ್ತು. ದುರುಗವ್ವ ಆಗಿನ್ನೂ ಸೊಸೆಯಾಗಿ ಬಂದಿರಲಿಲ್ಲ. ಆದರೂ ಆ ಕಥೆ ಆಕೆಗೆ ಬಾಯಿಪಾಠ, ಯಾಕೆಂದರೆ ಗಿಡ್ಡಪ್ಪ ತನ್ನ ಬದುಕಿನಲ್ಲಿ ಹೇಳಿಕೊಳ್ಳಲು ಇದ್ದ ಕಥೆ ಅದೊಂದೇ. ಹೇಳುವಾಗೆಲ್ಲ ಅದಕ್ಕೆ ಸ್ವಲ್ಪ ಬಣ್ಣ ಹಚ್ಚುತ್ತಿದ್ದ. ಬಣ್ಣ ಹಚ್ಚುವುದು ಅವನ ಕಸುಬೇ ಆಗಿತ್ತಲ್ಲ.

ಕೊಪ್ಪಳದಲ್ಲಿ ಒಬ್ಬ ಸಾಹೇಬರಿದ್ದರು. ಹೈದರಾಬಾದಿನಲ್ಲಿ ದೊಡ್ಡ ಹುದ್ದೆ ಮಾಡಿ ಬಂದವರು. ಅವರಿಗೆ ಒಂದು ಹುಚ್ಚು. ವಿಲಾಯತಿಯಿಂದ ಸೀಸದ ಸಿಪಾಯಿಗಳನ್ನು ತರಿಸಿ ಗಾಜಿನ ಕಪಾಟಿನಲ್ಲಿ ಸಾಲು ನಿಲ್ಲಿಸುವುದು. ಬೆರಳುದ್ದದ ಸಿಪಾಯಿಗಳು: ಕೆಂಪಂಗಿಯವರು, ನಗಾರಿಯವರು, ಕುದುರೆಯ ಮೇಲಿನವರು. ಈ ಸೀಮೆಯ ಬೇಸಿಗೆಗೆ ಅವುಗಳ ಬಣ್ಣ ಹಪ್ಪಳದಂತೆ ಎದ್ದು ಉದುರಿತು. ಸೀಸದ ಮೇಲೆ ಬಿಳಿ ಪುಡಿ ಕೂತಿತು. ಮನೆ ಬದಲಿಸುವಾಗ ಪೆಟ್ಟಿಗೆ ಬಿದ್ದು ಒಬ್ಬನ ಕೊರಳು, ಇನ್ನೊಬ್ಬನ ಬಂದೂಕು ಮುರಿಯಿತು. ಸಾಹೇಬರು ತಮ್ಮ ಆಳು ಮಕ್ಬುಲಸಾಬನ ತಲೆಯ ಮೇಲೆ ಪೆಟ್ಟಿಗೆ ಹೊರಿಸಿ ಕಿನ್ನಾಳಕ್ಕೆ ಕಳಿಸಿದರು. ಓಣಿಯಲ್ಲಿ ಎಲ್ಲರೂ ತಲೆಯಾಡಿಸಿದರು. ಮರಕ್ಕೆ ಬಣ್ಣ ಹಚ್ಚುವವರು ನಾವು, ಸೀಸಕ್ಕಲ್ಲ ಎಂದರು. ಗಿಡ್ಡಪ್ಪ ಒಂದು ಕುದುರೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಕೆಳಗಿಡಲು ಮನಸ್ಸಾಗಲಿಲ್ಲ.

ಕೆಲಸ ಹೀಗೆ: ಅಂಟವಾಳದ ನೀರಿನಲ್ಲಿ ಕೋಳಿಗರಿ ಅದ್ದಿ ಸಿಪಾಯಿಯ ಮೈ ತೊಳೆಯುವುದು. ಬೇವಿನ ಕಡ್ಡಿಯ ಮೊನೆಯಿಂದ ಬಿಳಿ ಪುಡಿ ಕೆರೆಯುವುದು, ಕೆರೆದದ್ದನ್ನು ಬಾಯಿಂದ ಊದುವುದು. ಮುರಿದ ಕೊರಳೊಳಗೆ ಬೆಂಕಿಕಡ್ಡಿಯ ಚೂರು ತೂರಿಸಿ ತಲೆ ಕೂರಿಸುವುದು. ಆಮೇಲೆ ಬಣ್ಣ. ಕುಂಚದ ತುದಿ ಮೊನೆಯಾಗಲೆಂದು ತುಟಿಯಲ್ಲಿ ಅದ್ದುವುದು. ಇದಿಷ್ಟನ್ನೂ ಮಾಡುವ ಮೊದಲು ಗಿಡ್ಡಪ್ಪ ಇನ್ನೊಂದು ಕೆಲಸ ಮಾಡಿದ. ಹಳೆಯ ದೇವರು ರಿಪೇರಿಗೆ ಬಂದರೆ ಓಣಿಯಲ್ಲಿ ಯಾವತ್ತೂ ಮಾಡುವ ಕೆಲಸ: ಎರಡೂ ಕಣ್ಣಿಗೆ ಬಿಳಿ ಹಚ್ಚಿ ಮುಚ್ಚುವುದು. ರಿಪೇರಿಗೆಂದು ತನ್ನದೇ ಮೈ ಕೊಯ್ಯುವುದನ್ನು ದೇವರು ನೋಡಬಾರದು. ಎಲ್ಲ ಮುಗಿದ ಮೇಲೆ, ಕೊಟ್ಟಕೊನೆಗೆ, ಕಣ್ಣು ತೆರೆಯುವುದು. ಆಗ ಜೀವ ಮರಳುತ್ತದೆ.

ಸಾಹೇಬರು ಒಂದು ದಿನ ಮೋಟಾರಿನಲ್ಲಿ ಕೆಲಸ ನೋಡಲು ಬಂದರು. ಹಲಗೆಯ ಮೇಲೆ ಅವರ ಸಿಪಾಯಿಗಳೆಲ್ಲ ಬಿಳಿ ಕಣ್ಣು ಮಾಡಿಕೊಂಡು ನಿಂತಿದ್ದವು.

“ಏನೋ ಇದು ಗಿಡ್ಡಪ್ಪ! ಕುರುಡರ ಪಲ್ಟಣ ಕಟ್ಟಿದೆಯೇನೋ?”

“ಕೊಳ್ಳು ಮುರದಾವ್ರಿ ಸರಕಾರ. ನೋಡಿದ್ರ ಅಂಜತಾವು.”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅವರು ಮತ್ತೆ ನಕ್ಕದ್ದು ಪೆಟ್ಟಿಗೆ ಕೊಪ್ಪಳಕ್ಕೆ ಮುಟ್ಟಿದಾಗ. ಗಿಡ್ಡಪ್ಪ ಪ್ರತಿ ಗೋರಾ ಸಿಪಾಯಿಗೂ ಕಿವಿಯವರೆಗೆ ಎಳೆದ ದೇವರ ಕಣ್ಣು ಬರೆದಿದ್ದ. ಬಂದೂಕು ಹಿಡಿದ ಲಕ್ಷ್ಮಿಯರ ಹಾಗೆ ಕಾಣುತ್ತಿದ್ದರು. ಪೆಟ್ಟಿಗೆ ವಾಪಸು ಬಂತು, ಕಣ್ಣೆಂದರೆ ಒಂದು ಚುಕ್ಕೆ ಸಾಕು ಎಂಬ ಹುಕುಮಿನ ಜೊತೆ. ಗಿಡ್ಡಪ್ಪ ಚುಕ್ಕೆಯಿಟ್ಟ. ಆದರೆ ಚುಕ್ಕೆಯ ಪಕ್ಕದಲ್ಲಿ ಎಳ್ಳಿನ ಮೂತಿಯಷ್ಟು ಬಿಳಿಯನ್ನು ಸಾಯುವವರೆಗೂ ಕದ್ದು ಇಡುತ್ತಿದ್ದ. ಸಾಹೇಬರಿಗೆ ಅದು ಗೊತ್ತಾಗಲೇ ಇಲ್ಲ.

ಪ್ರತಿ ಮಳೆಗಾಲದ ಕೊನೆಗೆ ಪೆಟ್ಟಿಗೆ ಬರುತ್ತಿತ್ತು. ಅದರ ಜೊತೆ ಆದೆಪ್ಪ ಬೆಳೆದ. ಅಪ್ಪನ ಎದುರು ಕೂತು ಸಿಪಾಯಿಗಳ ಗುಂಡಿ, ಪಟ್ಟಿ, ಬಿಲ್ಲೆಗಳಿಗೆ ಬಣ್ಣ ಹಚ್ಚಿದ. ಯಾವ ಪಲ್ಟಣಕ್ಕೆ ಯಾವ ಟೊಪ್ಪಿಗೆ ಎಂದು ಮಕ್ಬುಲಸಾಬನನ್ನು ಕೇಳಿ ಕೇಳಿ ತಿಳಿದುಕೊಂಡ. ಕೊಪ್ಪಳಕ್ಕೆ ಪೌಜಿಗೆ ಸೇರಿಸಿಕೊಳ್ಳುವವರು ಬಂದಾಗ ಅವನು ದುರುಗವ್ವನನ್ನು ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬಣ್ಣ ತರುತ್ತೇನೆಂದು ಹೋದವನು ಖಾಕಿ ಹಾಕಿಕೊಂಡು ಬಂದ. ಅಂಗಳದಲ್ಲಿ ನಿಂತು, ಸಾಹೇಬರ ಸಿಪಾಯಿ ನಿಲ್ಲುವ ಹಾಗೇ ಎದೆಯುಬ್ಬಿಸಿ ಸಲಾಮು ಹೊಡೆದ. ಹಂಪವ್ವ ಅತ್ತಳು. ಗಿಡ್ಡಪ್ಪ ಯಾರನ್ನೂ ಬೈಯಲಿಲ್ಲ. ಆ ಪೆಟ್ಟಿಗೆಯನ್ನು ಮನೆಯೊಳಗೆ ಕರೆದವನು ತಾನೇ ಎಂದು ಅವನಿಗೆ ಗೊತ್ತಿತ್ತು, ಅದು ಅವನನ್ನು ಕೊನೆಯವರೆಗೂ ತಿಂದಿತು.

ಮಗ ಹೋದ ಮೇಲೆ ಗಿಡ್ಡಪ್ಪ ಪೊಳಕಿ ಮರದ ತುಂಡೊಂದನ್ನು ತೆಗೆದು, ಗೇಣುದ್ದದ ಸಿಪಾಯಿ ಕೆತ್ತಿದ. ಖಾಕಿ ಬಣ್ಣ ಹಚ್ಚಿದ. ಆದೆಪ್ಪನ ಮೂಗು, ಆದೆಪ್ಪನ ಗದ್ದ. ಸ್ನಾನ ಮಾಡಿ, ದೀಪ ಹಚ್ಚಿ, ಕಣ್ಣು ತೆರೆದ. ಈ ಕಣ್ಣಿಗೆ ಯಾವ ಸಾಹೇಬರ ಹುಕುಮೂ ಇರಲಿಲ್ಲವಾದ್ದರಿಂದ ಮನಸಾರೆ ದೊಡ್ಡದಾಗಿ ಬರೆದ. ಗೂಡಿನಲ್ಲಿ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ ಸೊಸೆಯನ್ನು ಕರೆದ.

“ಇದು ಕಣ್ಣು ತಕ್ಕೊಂಡಿರೂತನಕ ಅವ ಅದಾನ ಅಂತ ತಿಳಕೊ ಯವ್ವಾ. ದಿನಾ ಒಂದ್ಸಲ ನೋಡು.”

ಆಕೆ ದಿನಾ ನೋಡಿದಳು.

ಆಮೇಲೆ ಗಿಡ್ಡಪ್ಪನಿಗೆ ಹೊಟ್ಟೆನೋವು ಹಿಡಿಯಿತು. ವಸಡಿನ ಅಂಚು ನೀಲಿಗಟ್ಟಿತು, ಕೈ ಜೋತುಬಿತ್ತು. ಪರದೇಶಿ ಸಿಪಾಯಿಗಳ ಕಣ್ಣು ಮುಚ್ಚಿ ತೆರೆದ ಪಾಪ ಎಂದಿತು ಓಣಿ. ಹಕೀಮರು ವಾಯು ಎಂದರು. ಬೇವಿನ ಕಡ್ಡಿಯ ಮೊನೆಯಿಂದ ಹಾರಿ ಅವನ ಬಾಯಿಗೆ ಹೋದ ಸೀಸದ ಪುಡಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬಣ್ಣದ ಕೆಲಸವೆಲ್ಲ ದುರುಗವ್ವನ ಕೈಗೆ ಬಂತು. ತೊಳೆಯುವುದು, ಕೆರೆಯುವುದು, ಅಂಗಿಯ ಕೆಂಪು, ಬೂಟಿನ ಕಪ್ಪು, ಎಲ್ಲ ಆಕೆಯದೇ. ಕಣ್ಣು ಮಾತ್ರ ಹೆಂಗಸರು ತೆರೆಯುವಂತಿಲ್ಲ. ಅದಕ್ಕಾಗಿಯೇ ಆ ಬಿದಿರಿನ ಸೀಳು.

*

ಕೆಲಸದ ಕೋಣೆಯಲ್ಲಿ ಕತ್ತಲಿತ್ತು. ಗೂಡಿನಲ್ಲಿ ಸಿಪಾಯಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಶ್ರಾವಣದಲ್ಲಿ ಗಿಡ್ಡಪ್ಪನೇ ಹಾಗೆ ತಿರುಗಿಸಿದ್ದ. ಒಲೆಯ ಹೊಗೆ ಬಡಿದು ಮಾರಿ ಕಪ್ಪಾಗುತ್ತದೆ ಎಂದಿದ್ದ. ಆಕೆಗೆ ಅದು ಸರಿಯೆನಿಸಿತ್ತು. ಅಂದಿನಿಂದ ಬೆನ್ನನ್ನೇ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಈಗ ಎತ್ತಿಕೊಂಡು ಬಾಗಿಲ ಬೆಳಕಿಗೆ ತಂದು ತಿರುಗಿಸಿದಳು.

ಎರಡೂ ಕಣ್ಣು ಬಿಳಿಯಾಗಿದ್ದವು.

ಬಣ್ಣ ಉದುರಿದ್ದಲ್ಲ, ಹಚ್ಚಿದ್ದು. ಬಿಳಿ ಕಣ್ಣಿನ ಗೆರೆ ದಾಟಿ ಹುಬ್ಬಿನ ಮೇಲೆ, ಕೆನ್ನೆಯ ಮೇಲೆ ಹರಿದಿತ್ತು. ಬಿದಿರಿನ ಸೀಳು ಕಟ್ಟಿದ ಕೈ ಹೀಗೆ ಗೆರೆ ದಾಟುವುದಿಲ್ಲ. ಸೀಳು ಕಟ್ಟುವವಳು ತಾನು. ತಾನಿಲ್ಲದ ಹೊತ್ತು ನೋಡಿ, ಜೋತಾಡುವ ಕೈಯಲ್ಲೇ ಕುಂಚ ಹಿಡಿದು, ಮುದುಕ ಮಗನ ಕಣ್ಣು ಮುಚ್ಚಿದ್ದ.

ಶ್ರಾವಣದಲ್ಲಿ ಮಕ್ಬುಲಸಾಬ ಬಂದಿದ್ದು ಆಕೆಗೆ ನೆನಪಾಯಿತು. ಪೆಟ್ಟಿಗೆ ಇಲ್ಲದೆ ಬಂದಿದ್ದ. ಆಕೆ ನೀರು ತಂದಾಗ ಇಬ್ಬರೂ ಮಾತು ನಿಲ್ಲಿಸಿದ್ದರು. ಮಕ್ಬುಲಸಾಬ ರುಮಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಸೆಖೆ ಎಂದುಕೊಂಡಿದ್ದಳು. ಸಾಹೇಬರಿಗೆ ಆರಾಮಿಲ್ಲವಂತೆ, ಅಷ್ಟೇ ಎಂದಿದ್ದ ಗಿಡ್ಡಪ್ಪ.

ಹೊರಗೆ ಸಲಾಮಿನ ಸದ್ದು ಕೇಳಿಸಿತು. ಸುದ್ದಿ ತಿಳಿದು ಮಕ್ಬುಲಸಾಬ ಕೊಪ್ಪಳದಿಂದ ನಡೆದುಕೊಂಡೇ ಬಂದಿದ್ದ. ಓಬಳೆಪ್ಪನ ದನಿ ಬಂತು.

“ಛಲೋ ಆತು ಬಂದಿ, ಸಾಬ. ಸಾಹೇಬರ ಮನ್ಯಾಗ ಇರಾವ ನೀನು, ಪೌಜಿನ ಸುದ್ದಿ ನಿಮ್ಮಲ್ಲಿಗೆ ಬರತೈತಿ. ಹೆಣ ಮುಂದಿಟ್ಕೊಂಡು ಕೇಳಾಕ್ಹತ್ತೀನಿ. ಆದೆಪ್ಪಂದು ಏನರ ತಿಳದೈತೇನು?”

ದುರುಗವ್ವ ಸಿಪಾಯಿಯನ್ನು ಎದೆಗೊತ್ತಿಕೊಂಡು ನಿಂತಳು. ಹೊರಗೆ ಯಾರೋ ಕೆಮ್ಮಿದರು. ಉತ್ತರ ಬಹಳ ತಡವಾಗಿ ಬಂತು.

“ನನಗೇನೂ ತಿಳದಿಲ್ರಿ ಹಿರ್ಯಾರ. ಅಲ್ಲಾ ಬಲ್ಲ.”

ಆ ತಡದಲ್ಲಿ ಆಕೆಗೆ ಎಲ್ಲ ತಿಳಿಯಿತು. ಗಂಡ ಸತ್ತಿದ್ದ. ಮಾವನಿಗೆ ಗೊತ್ತಿತ್ತು. ಸತ್ತವನ ಗೊಂಬೆಯನ್ನು ಕಣ್ಣು ತೆರೆದು ನಿಲ್ಲಿಸಲು ಅವನ ಕಸುಬು ಒಪ್ಪಲಿಲ್ಲ, ಸೊಸೆಯ ಬಳೆ ಒಡೆಸಲು ಮನಸ್ಸು ಒಪ್ಪಲಿಲ್ಲ. ಕಣ್ಣು ಮುಚ್ಚಿ, ಗೋಡೆಗೆ ತಿರುಗಿಸಿ, ಅಷ್ಟೂ ದಿನ ಅದನ್ನು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡು ಬೆಳಿಗ್ಗೆ ಎದ್ದು ಆಕೆಯ ಮುಂದೆ ಕೈ ಚಾಚಿದ್ದ.

ಆಕೆ ಅಳು ತಡೆದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈಗ ಅತ್ತರೆ ಯಾರಿಗಾಗಿ ಎಂದು ಕೇಳುತ್ತಾರೆ.

ಮಾವನ ತಲೆಯ ಬಳಿಯ ದೀಪದ ಮೇಲೆ ಚಿಪ್ಪೊಂದನ್ನು ಬೋರಲು ಹಿಡಿದರೆ ಕಪ್ಪು ಸಿಗುತ್ತಿತ್ತು. ಅಲ್ಲಿಗೆ ಹೋಗುವಂತಿರಲಿಲ್ಲ. ಗೂಡಿನ ಹಳೆಯ ಚಿಮಣಿ ದೀಪದಿಂದ ಕಪ್ಪು ಕೆರೆದಳು. ಅಂಟು ಬೇಕಿತ್ತು. ಹುಣಸೆ ಬೀಜದ ಅಂಟನ್ನು ಆಕೆ ದಿನಾ ಬೆಳಿಗ್ಗೆ ಒಲೆಯ ಮೇಲೆ ಕುದಿಸಿ ಇಡುತ್ತಿದ್ದಳು. ಇವತ್ತು ಹೆಣ ಇರುವ ಮನೆ, ಒಲೆ ಹಚ್ಚಿಲ್ಲ. ನಿನ್ನೆಯದು ಗಡಿಗೆಯ ತಳದಲ್ಲಿ ಕಲ್ಲಾಗಿತ್ತು. ಅಂಟಿಲ್ಲದ ಕಪ್ಪು ನಿಲ್ಲುವುದಿಲ್ಲ, ಇದನ್ನು ಆಕೆಗೆ ಯಾರೂ ಹೇಳಬೇಕಿರಲಿಲ್ಲ. ಅಗಸಿಯವರೆಗೆ ನಿಂತರೆ ಸಾಕು. ಬರೀ ನೀರಿನಲ್ಲಿ ಕಪ್ಪು ಕಲಸಿದಳು. ಕುಂಚ ತೆಗೆದು ಮಾವನ ಹಾಗೇ ತುಟಿಯಲ್ಲಿ ಅದ್ದಿ ಮೊನೆ ಮಾಡಿದಳು.

ಜೀವಮಾನದಲ್ಲಿ ಆಕೆ ಒಂದು ಕಣ್ಣನ್ನೂ ಬರೆದಿರಲಿಲ್ಲ. ಬಲಗಣ್ಣು ಬಂತು. ಕುಂಚ ಮತ್ತೆ ಅದ್ದಿ ಎಡಗಣ್ಣು ಬರೆದಳು.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಹಂಪವ್ವ ನಿಂತಿದ್ದಳು. ಸೊಸೆಯ ಕೈಯಲ್ಲಿ ಕುಂಚ, ಹಸಿ ಕಪ್ಪು, ಅದರ ಸುತ್ತ ಹುಬ್ಬಿಗೂ ಕೆನ್ನೆಗೂ ಹರಿದ ಬಿಳಿ. ಚಿತ್ರಗಾರರ ಮನೆಯಲ್ಲಿ ಹುಟ್ಟಿ ಚಿತ್ರಗಾರರ ಮನೆಗೆ ಬಂದವಳು ಆಕೆ. ನೋಡಿದಳು. ಚೌಕಟ್ಟನ್ನು ಹಿಡಿದುಕೊಂಡಳು.

“ಎಡಗಣ್ಣು ಸಣ್ಣದಾತು,” ಎಂದಳು ಹಂಪವ್ವ. “ಅವನವು ಎರಡೂ ಸಮ ಇದ್ದುವು.”

“ಅತ್ತೀ…”

“ತಿದ್ದಬ್ಯಾಡ. ಹೊತ್ತಾಗೈತಿ, ಆರಲಿ. ಮಾರಿ ಒರಸ್ಕೊ.”

ತಿರುಗಿ ಹೋಗಿ ಗಂಡನ ಕಾಲಬದಿಗೆ ಕುಸಿದು ಕೂತಳು. ಬೆಳಗಿನಿಂದ ಒಣಗಿದ ಕಣ್ಣಿನಲ್ಲಿ ಕೂತಿದ್ದವಳು ಆಗ ಬಾಯಿಬಿಟ್ಟು ಅತ್ತಳು. ನೆಲ ಬಡಿದುಕೊಂಡು, ತಲೆ ಬಡಿದುಕೊಂಡು ಅತ್ತಳು. ಅಬ್ಬಾ, ಈಗ ಅಳು ಬಂತು, ಒಳ್ಳೆಯದಾಯಿತು ಎಂದರು ಹೆಂಗಸರು. ಗಂಡನಿಗಾಗಿ ಎಂದು ತಿಳಿದರು.

*

ಓಬಳೆಪ್ಪ ಸಿಪಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದ. ದುರುಗವ್ವ ನೆಲ ನೋಡುತ್ತ ನಿಂತಿದ್ದಳು.

“ಹ್ಞೂಂ. ತೆರೆದಾವು,” ಎಂದು ಕನಕಪ್ಪನ ಕೈಗೆ ಕೊಟ್ಟ.

ಕನಕಪ್ಪ ಒಂದು ಕೈಯಲ್ಲಿ ಬೆಂಕಿ ಗಡಿಗೆಯ ಹಗ್ಗ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಸಿಪಾಯಿಯನ್ನು ತೆಗೆದುಕೊಂಡು ತಲೆಯನ್ನೇ ಮುಷ್ಟಿಯೊಳಗೆ ಹಿಡಿದ.

“ಮಾರಿ ಹಿಡೀಬ್ಯಾಡ ಕನಕಪ್ಪಾ,” ಎಂದಳು ದುರುಗವ್ವ. “ಕಾಲು ಹಿಡಿ.”

“ಕಾಲು ಹಿಡದ್ರ ಜಾರತೈತಿ ವೈನಿ. ನಾನೂ ಗೊಂಬಿ ಮಾಡಾವನ, ನನಗ ಕಲಸ್ತಿಯೇನು?”

ಅದಕ್ಕಿಂತ ಹೆಚ್ಚು ಏನು ಹೇಳಿದರೂ ಹೆಚ್ಚಾಗುತ್ತಿತ್ತು. ಚಟ್ಟ ಎದ್ದಿತು.

ಓಣಿ ದಾಟಿ, ಬಾವಿ ದಾಟಿ, ಅಗಸಿಯ ಕಡೆ ಹೊರಟರು. ಕನಕಪ್ಪ ಎಲ್ಲರ ಮುಂದೆ. ಗಡಿಗೆಯ ಕಾವಿಗೆ ಅವನ ಮುಖ, ತೋಳು ಬೆವರುತ್ತಿದ್ದುದು ಹಿಂದಿನಿಂದಲೂ ಕಾಣುತ್ತಿತ್ತು. ದುರುಗವ್ವ ಅತ್ತೆಯನ್ನು ಹಿಡಿದುಕೊಂಡು ನಡೆಯುತ್ತ ಆ ಮುಷ್ಟಿಯೊಂದನ್ನೇ ನೋಡುತ್ತಿದ್ದಳು. ಮಾವನಿಗಾಗಿ ಅಳಬೇಕಾದವಳು ಅವನ ಹಿಂದೆ ನಡೆಯುತ್ತ ಒಬ್ಬ ಗಂಡಸಿನ ಅಂಗೈ ಬೆವರದಿರಲಿ ಎಂದು ಊರ ದೇವಿ ದುರುಗಮ್ಮನಿಗೆ ಹರಕೆ ಹೊತ್ತಳು.

ಅಗಸಿಯಲ್ಲಿ ಚಟ್ಟ ಇಳಿಸಿದರು. ಹೆಂಗಸರು ಅಲ್ಲಿಯವರೆಗೆ ಮಾತ್ರ. ಉಡಚಮ್ಮ ಹಂಪವ್ವನ ಬಳೆ ಒಡೆಯಲು ಒಂದು ದುಂಡುಗಲ್ಲು ಹುಡುಕಿಕೊಂಡು ಕೈಯಲ್ಲಿ ಹಿಡಿದು ನಿಂತಳು. ಓಬಳೆಪ್ಪ ಬಗ್ಗಿ ಗಿಡ್ಡಪ್ಪನ ಮುಖದ ಮೇಲಿನ ಬಟ್ಟೆ ಸರಿಸಿದ. ಹಣೆಯ ತುಂಬ ಹಚ್ಚಿದ ವಿಭೂತಿ ಇನ್ನೂ ಹಸಿಯಿತ್ತು.

“ಬಾ ಕನಕಪ್ಪ. ಮಗನ್ನ ತೋರ್ಸು.”

ಕನಕಪ್ಪ ಗಡಿಗೆ ಕೆಳಗಿಟ್ಟು ಮುಂದೆ ಬಂದ. ಮುಷ್ಟಿ ಸಡಿಲಿಸಿದ. ಸಿಪಾಯಿಯ ಮುಖ ಅವನ ಕಡೆಗೇ ಇತ್ತು, ಉಳಿದವರಿಗೆ ಬೆನ್ನು. ಅವನು ನೋಡಿ ಅಲ್ಲೇ ನಿಂತ. ಕಣ್ಣಿದ್ದ ಜಾಗದಲ್ಲಿ ಬಿಳಿ, ಬಿಳಿಯ ಮೇಲೆ ಬೂದು ಕಲೆ. ಅಂಗೈ ತಿರುಗಿಸಿ ನೋಡಿಕೊಂಡ. ಕಣ್ಣು ಅಲ್ಲಿದ್ದವು.

ಅವನು ತಲೆಯೆತ್ತಿ ದುರುಗವ್ವನನ್ನು ನೋಡಿದ. ಆಕೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು. ಪಕ್ಕದಲ್ಲಿ ಉಡಚಮ್ಮನ ಕೈಯಲ್ಲಿ ಕಲ್ಲು. ಅವನು ಒಂದು ಮಾತು ಆಡಿದರೆ ಸಾಕಿತ್ತು. ಬೆಳಿಗ್ಗೆ ತಾನೇ ಆಡಿದ ಮಾತು, ಈಗ ಕೈಯಲ್ಲಿ ಸಾಕ್ಷಿ ಹಿಡಿದುಕೊಂಡು ಆಡಬಹುದಿತ್ತು. ಗಿಡ್ಡಪ್ಪನ ಕೆಲಸದ ಕೋಣೆ, ಉಳಿ, ಸಾಹೇಬರ ಪೆಟ್ಟಿಗೆ ಎಲ್ಲ ಅವನಿಗೇ ಬರುತ್ತಿತ್ತು. ಆಕೆ ಅವನ ತುಟಿಗಳನ್ನೇ ನೋಡಿದಳು.

“ಯಾಕೋ, ನಿಂತಿಯಲ್ಲ?” ಎಂದ ಓಬಳೆಪ್ಪ.

ಆದೆಪ್ಪ ಕನಕಪ್ಪನಿಗೆ ಈಜು ಕಲಿಸಿದವನು, ಮೊದಲ ಸಲ ಉಳಿ ಹಿಡಿಸಿದವನು. ಅಣ್ಣ ಹೋಗಿದ್ದಾನೆ ಎಂದು ಊರ ತುಂಬ ಹೇಳಿಕೊಂಡು ತಿರುಗಿದವನಿಗೆ ಅವನು ಹೋದದ್ದು ನಿಜ ಎಂದು ಈಗ, ದೊಡ್ಡಪ್ಪ ಬಿಳಿ ಹಚ್ಚಿ ಮುಚ್ಚಿದ ಕಣ್ಣು ನೋಡಿ ಗೊತ್ತಾಗಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡಿತು. ಸಿಪಾಯಿಯ ಮುಖವನ್ನು ತನ್ನ ಎದೆಗೆ ಒತ್ತಿಕೊಂಡ. ಮಂಡಿಯೂರಿ, ಕಣ್ಣು ಅಂಟಿದ ಅಂಗೈಯನ್ನು ದೊಡ್ಡಪ್ಪನ ಹಣೆಯ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿದ.

“ದೊಡ್ಡಪ್ಪಾ,” ಎಂದ, ಎಲ್ಲರಿಗೂ ಕೇಳುವ ಹಾಗೆ. “ಆದೆಪ್ಪಣ್ಣ ಬಂದಾನ ನೋಡು.”

ಕೈ ಎತ್ತಿದ. ಹಸಿ ವಿಭೂತಿಯ ಮೇಲೆ ಎರಡು ಕಪ್ಪು ಕಣ್ಣು ಉಳಿದವು. ಒಂದು ತುಸು ಸಣ್ಣದು.

ಓಬಳೆಪ್ಪ ಬಗ್ಗಿ ನೋಡಿದ. ಆಯುಷ್ಯವಿಡೀ ಕಣ್ಣು ಬರೆದವನು ಅವನು. ಕನಕಪ್ಪನ ಎದೆಯಲ್ಲಿ ಮುಖ ಮುಚ್ಚಿಕೊಂಡಿದ್ದ ಸಿಪಾಯಿಯನ್ನು ನೋಡಿದ, ಹೆಂಗಸರ ಕಡೆ ನೋಡಿದ. ಆಮೇಲೆ ಬಟ್ಟೆಯನ್ನು ಮೆಲ್ಲಗೆ ಎಳೆದು ಗಿಡ್ಡಪ್ಪನ ಮುಖದ ಮೇಲೆ ಹೊದಿಸಿದ.

“ಮಗ ನೋಡ್ಯಾನ,” ಎಂದ. “ಎತ್ರಿ.”

ಉಡಚಮ್ಮ ಹಂಪವ್ವನ ಕೈ ಹಿಡಿದು ಕಲ್ಲಿನಿಂದ ಬಡಿದಳು. ಹಸಿರು ಚೂರು ಅಗಸಿಯ ಮಣ್ಣಿಗೆ ಉದುರಿದವು. ಕಲ್ಲು ಎತ್ತಿ ಒಗೆದು ಉಡಚಮ್ಮ ಹಿಂದೆ ಸರಿದಳು. ಹಂಪವ್ವ ರಕ್ತ ಜಿನುಗುವ ಬರಿಗೈ ಚಾಚಿ ಸೊಸೆಯ ಮಣಿಕಟ್ಟು ಹುಡುಕಿದಳು, ಸೆರಗಿನೊಳಗೆ ನಡುಗುತ್ತಿದ್ದ ಬಳೆಗಳನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಬಿಗಿದು ಹಿಡಿದಳು.

ಚಟ್ಟ ಅಗಸಿ ದಾಟುತ್ತಿತ್ತು. ಗಾಳಿಗೆ ತೆಳು ಬಟ್ಟೆ ಗಿಡ್ಡಪ್ಪನ ಹಣೆಗೆ ಅಂಟಿಕೊಂಡಿತು, ಅದರ ಮೇಲೆ ಎರಡು ಕಪ್ಪು ಚುಕ್ಕೆ ಮೂಡಿ ಬಂದವು.